ಐದನೇ ತಿಂಗಳ ಸೂತಕ

ಹಸಿರು ಸೀರೆಯ ಸೆರಗನ್ನು ಅಂಗಡಿಯಾಕೆ ಕಲ್ಯಾಣಿಯ ಹೆಗಲ ಮೇಲೆ ಹೊದಿಸಿ ಕನ್ನಡಿಯತ್ತ ತಿರುಗಿಸುತ್ತಿದ್ದಾಗಲೇ ಮಾಳವಿಕಾಳ ಫೋನು ಬಂತು.

"ಅಮ್ಮ, ಸುಮ್ನ ಕೇಳು. ನಡುವ ಮಾತಾಡಬ್ಯಾಡ."

ಕಲ್ಯಾಣಿಗೆ ಮೊದಲು ಗಾಬರಿ ಹುಟ್ಟಿಸಿದ್ದು ಮಾತಲ್ಲ, ಭಾಷೆ. ಲಂಡನ್ನಿನ ಅಕ್ಸ್‌ಬ್ರಿಡ್ಜಿನಲ್ಲಿ ಹುಟ್ಟಿ ಬೆಳೆದ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಮದುವೆಯಾಗಿ ಗಂಡ ಆಕಾಶನ ಜೊತೆ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸಿಗೆ ಹೋದ ಮೇಲಂತೂ ಕೇಳುವುದೇ ಬೇಡ. ಈವತ್ತು ತಡವರಿಸುತ್ತ, ಮನೆಯಲ್ಲಿ ಕಿವಿಗೆ ಬಿದ್ದ ಧಾರವಾಡದ ಮಾತನ್ನು ಒಂದೊಂದೇ ಹೆಕ್ಕಿ ಆಡುತ್ತಿದ್ದಳು.

"ಆಫೀಸಿನ್ಯಾಗ ಇದ್ದೀನಿ. ಇಲ್ಲೆ ಯಾರಿಗೂ ತಿಳೀಬಾರ್ದು, ಅದಕ್ಕ. ನಿನ್ನೆ ಸ್ಕ್ಯಾನ್ ಆತು. ಕೂಸಿಗೆ ಕಿಡ್ನಿ ಇಲ್ಲ ಅಮ್ಮ. ಎರಡೂ ಇಲ್ಲ. ಸುತ್ತ ನೀರೂ ಇಲ್ಲ. ಹುಟ್ಟಿದ್ರೂ ಉಸಿರಾಡಂಗಿಲ್ಲಂತ."

ಕಲ್ಯಾಣಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಸೆರಗು ಜಾರಿ ನೆಲಕ್ಕೆ ಬಿತ್ತು.

"ಡಾಕ್ಟರ್ ಏನಂದ್ಲು?"

"ಬಾಗಲಾ ಹಾಕಿ ಬಂದು ಕೂತ್ಲು. 'ನಿಮಗ ಎಲ್ಲೆರೆ ಪ್ರಯಾಣ ಮಾಡೋ ವಿಚಾರ ಅದ ಏನು' ಅಂತ ಕೇಳಿದ್ಲು. ಅಷ್ಟ. ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಡಲಿಲ್ಲ. ಟೆಕ್ಸಸ್‌ನ್ಯಾಗ ತಗಸೂ ಹಂಗಿಲ್ಲ. ಬಾಜೂ ರಾಜ್ಯ ನ್ಯೂ ಮೆಕ್ಸಿಕೋಕ್ಕ ಹೋಗಬೇಕು. ಗುರುವಾರ ವಿಮಾನ, ಶುಕ್ರವಾರ ದವಾಖಾನಿ. ಆಕಾಶ್ ಭಾಳ ಹೆದರ್‍ಯಾನ. ಸಹಾಯ ಮಾಡಿದವರ ಮ್ಯಾಲ ಯಾರು ಬೇಕಾದ್ರೂ ಕೇಸ್ ಹಾಕಬಹುದಂತ. ಹೊರಗ ಹೋಗಿ ಬಂದ್ರ ಏನೂ ಆಗಂಗಿಲ್ಲ ಅಂತ ವಕೀಲರು ಹೇಳ್ತಾರ. ಆದ್ರ ಯಾರಿಗೂ ಹೇಳಬ್ಯಾಡ್ರಿ ಅಂತನೂ ಅವರ ಹೇಳ್ತಾರ. ಅಮ್ಮ, ನೀ ಬಸುರಿನ ಸುದ್ದಿ ಇಲ್ಲಿಯವರಿಗೆ ಯಾರಿಗೂ ಹೇಳಿಲ್ಲ ಹೌದಿಲ್ಲೋ?"

"ಇಲ್ಲ," ಎಂದಳು ಕಲ್ಯಾಣಿ.

ಫೋನು ಇಟ್ಟಳು. ಆಡಿದ ಮಾತು ಸುಳ್ಳು. ಹೇಳಿದ್ದಳು. ಹೇಳುವುದೇನು, ಊರಿಗೆಲ್ಲ ಸಾರಿದ್ದಳು. ಅವಳ ತವರಿನಲ್ಲಿ ಬಸುರಿಗೆ ಐದನೇ ತಿಂಗಳಲ್ಲಿ ಕುಬಸ ಮಾಡುತ್ತಾರೆ. ತಾಯಿಮನೆಯವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಯಸಿದ್ದನ್ನು ಉಣಿಸಬೇಕು. ತಾನು ಹೆರಿಗೆಗೇ ಹೋಗುವವಳು, ಕುಬಸಕ್ಕೆ ಹೋಗಲಾಗದು ಎಂದು ಟೂಟಿಂಗಿನ ಗೆಳತಿ ವಿಜಯಾಳ ಹತ್ತಿರ ಹಲುಬಿದ್ದಳು. ವಿಜಯಾಳ ತಮ್ಮನ ಹೆಂಡತಿ ಶೋಭಾ ಇರುವುದು ಡಲ್ಲಾಸಿನಲ್ಲಿ, ಮಾಳವಿಕಾಳ ಮನೆಯಿಂದ ಎರಡು ಬೀದಿ ಆಚೆ. "ನೀವ ನನ್ನ ಮಗಳ ತವರುಮನಿ ಆಗ್ರಿ," ಎಂದು ಕಲ್ಯಾಣಿಯೇ ಕೈ ಹಿಡಿದು ಕೇಳಿದ್ದಳು. ಮಗಳಿಗೆ ಗೊತ್ತಾಗದ ಹಾಗೆ, ಬರುವ ಶನಿವಾರ, ಅಲ್ಲಿಯ ಕನ್ನಡದ ಹೆಂಗಸರೆಲ್ಲ ಬಳೆ ಹಿಡಿದು ಅವಳ ಬಾಗಿಲಿಗೆ ಬರುವವರಿದ್ದರು. ಶುಕ್ರವಾರ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ ಮಗಳ ಬಾಗಿಲಿಗೆ.

ಸೀರೆ ಬೇಡ ಎಂದು ಕೈಯಲ್ಲೇ ಸನ್ನೆ ಮಾಡಿ ಅವಳು ವಿಜಯಾಳ ಮನೆಗೆ ಹೋಗಲು ಈಸ್ಟ್ ಹ್ಯಾಮ್ ಸ್ಟೇಷನ್ನಿನ ಕಡೆ ಓಡಿದಳು.

ರೈಲಿನಲ್ಲಿ ಜಾಗವಿದ್ದರೂ ಕೂರಲಾಗಲಿಲ್ಲ. ಬಾಗಿಲಿಗೆ ಒರಗಿ ಗಂಡನಿಗೆ ಫೋನು ಹಚ್ಚಿದಳು. ಡಾಕ್ಟರಾದ ಸತ್ಯನಾರಾಯಣ ಆಗ ತಮ್ಮ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದರು. ಅಳಿಯ ಅವರಿಗೆ ಆಗಲೇ ತಿಳಿಸಿದ್ದ.

"ಇಲ್ಲಾಗಿದ್ರ ಇಬ್ಬರು ಡಾಕ್ಟರು ಸಹಿ ಹಾಕಿದ್ರ ಮುಗೀತಿತ್ತು," ಎಂದರು ಅವರು. "ಅಲ್ಲೆ ಮೊದಲ ಬಸುರು ತಗಸೂದಕ್ಕ ದೇಶಕ್ಕೆಲ್ಲಾ ಒಂದ ಹಕ್ಕಿತ್ತು. ದೊಡ್ಡ ಕೋರ್ಟು ಅದನ್ನ ತಗದು, ನಿಮ್ಮ ನಿಮ್ಮ ರಾಜ್ಯದವರು ನೋಡ್ಕೊಳ್ರಿ ಅಂತು. ಈಗ ಒಂದೊಂದು ಕಡೆ ಒಂದೊಂದು."

"ಅಲ್ರೀ, ಅದ ಹೊಟ್ಟಿ, ಅದ ಕೂಸು. ಗಡಿ ದಾಟಿದ್ರ ತಪ್ಪಲ್ಲ, ದಾಟದಿದ್ರ ತಪ್ಪು?"

"ಹಂಗ ಅದ."

ಕಲ್ಯಾಣಿಯ ತವರಿನ ಹೊಲಗಳಲ್ಲಿ ಬಾಂದಗಲ್ಲುಗಳಿದ್ದವು. ಎತ್ತು ದಾಟಿದರೆ ಜಗಳ, ನೀರು ದಾಟಿದರೆ ಕೊಡಲಿ ಎತ್ತಿದವರೂ ಇದ್ದರು. ಹೆಣ್ಣಿನ ಹೊಟ್ಟೆಯ ಮೇಲೆ ಬಾಂದಗಲ್ಲು ನೆಟ್ಟವರನ್ನು ಅವಳು ನೋಡಿರಲಿಲ್ಲ. ಇನ್ನೇನೋ ಕೇಳಬೇಕು ಎನ್ನುವಷ್ಟರಲ್ಲಿ ರೈಲು ನೆಲದೊಳಗೆ ಇಳಿದು ಮಾತು ಕಡಿದುಹೋಯಿತು. ನಾರ್ದರ್ನ್ ಲೈನಿನ ರೈಲಿಗೆ ಬದಲಾಯಿಸಿ, ಜನರ ಬೆನ್ನುಗಳ ನಡುವೆ ನಿಂತು, ಅವಳು ಒಂದು ಸುಳ್ಳನ್ನು ಕಟ್ಟತೊಡಗಿದಳು. ಕುಬಸ ನಿಲ್ಲಬೇಕು, ಯಾರೂ ಯಾಕೆ ಎಂದು ಕೇಳಬಾರದು. ಅಂಥದ್ದು ಒಂದೇ: ಸೂತಕ. ಮನೆಯಲ್ಲಿ ಸಾವಾಗಿದೆ ಎಂದರೆ ಶುಭಕಾರ್ಯ ತಾನಾಗಿ ನಿಲ್ಲುತ್ತದೆ. ಯಾರನ್ನು ಸಾಯಿಸುವುದು? ಟೂಟಿಂಗ್ ಬರುವುದರೊಳಗೆ ಗಂಡನ ಅಣ್ಣನನ್ನು ಗೊತ್ತು ಮಾಡಿದ್ದಳು. ಊರಿನಲ್ಲಿ ಈ ಹೊತ್ತಿಗೆ ಅವರು ಮಜ್ಜಿಗೆ ಅನ್ನ ಉಂಡು, ಕಟ್ಟೆಯ ಮೇಲೆ ಅಡಕೊತ್ತು ಹಿಡಿದು ಕೂತು, ಮೊಮ್ಮಕ್ಕಳನ್ನು ಬೈಯುತ್ತಿರಬೇಕು. ಮನಸ್ಸಿನಲ್ಲೇ ಅವರ ಕಾಲು ಹಿಡಿದುಕೊಂಡಳು.

"ಏನ್ರೀ ಕಲ್ಯಾಣಿ, ಒಂದು ಫೋನೂ ಇಲ್ಲದೆ!" ವಿಜಯಾ ಒದ್ದೆ ಕೈಯಲ್ಲೇ ಬಾಗಿಲು ತೆಗೆದಳು. "ಬನ್ನಿ ಬನ್ನಿ. ಈಗ ತಾನೇ ಶೋಭಾ ಹೇಳ್ತಿದ್ಲು, ಹೋಳಿಗೆ ಅವಳದ್ದಂತೆ, ಚಿತ್ರಾನ್ನ ಇನ್ಯಾರದ್ದೋ. ನಿಮ್ಮ ಕಡೆಯೋರಿಗೆ ರೊಟ್ಟಿ ಇಲ್ದೆ ಸಮಾಧಾನ ಇಲ್ಲ ಅಂತ ಅದಕ್ಕೂ ಒಬ್ಬಳನ್ನ ಹಿಡಿದಿದ್ದಾಳೆ."

"ಶನಿವಾರದ್ದು ಬ್ಯಾಡ ವಿಜಯಾ ಅವರ. ನಮ್ಮ ದೊಡ್ಡ ಭಾವನವರು ತೀರಿಕೊಂಡ್ರು. ಸೂತಕ."

"ಅಯ್ಯೋ! ಯಾವಾಗ? ಪಾಪ, ಡಾಕ್ಟರಿಗೆ ಒಡಹುಟ್ಟಿದೋರು." ವಿಜಯಾ ಅವಳನ್ನು ಸೋಫಾದ ಮೇಲೆ ಕೂರಿಸಿ ನೀರು ತಂದುಕೊಟ್ಟಳು. ಮೈಸೂರಿನ ಪುರೋಹಿತರ ಮಗಳು. ಅವಳ ತಲೆ ಆಗಲೇ ಸೂತಕದ ಲೆಕ್ಕ ಹಾಕುತ್ತಿತ್ತು. "ಆದ್ರೆ ಕಲ್ಯಾಣಿ, ಸೂತಕ ನಿಮಗೆ, ನಿಮ್ಮ ಯಜಮಾನರಿಗೆ. ಮಾಳವಿಕಾಗೆ ಯಾಕೆ ಬರುತ್ತೆ? ಮದುವೆಯಾದ ಮೇಲೆ ಅವಳು ಆಕಾಶನ ಗೋತ್ರ. ದೊಡ್ಡಪ್ಪ ಹೋದ್ರೆ ತಲೆಗೆ ಸ್ನಾನ ಮಾಡಿದ್ರಾಯ್ತು. ಕುಬಸ ಧಾರಾಳವಾಗಿ ಮಾಡಬಹುದು."

ಮಗಳು ಬೇರೆ ಮನೆಗೆ ಹೋದವಳೆಂಬುದನ್ನೇ ಮರೆತು ಕಲ್ಯಾಣಿ ಸುಳ್ಳು ಕಟ್ಟಿದ್ದಳು.

"ಇಲ್ರೀ… ಅಕೀಗೂ ಬರತದ."

"ಹೇಗೆ ಬರುತ್ತೆ?" ಎನ್ನುತ್ತ ವಿಜಯಾ ಅವಳ ಮುಖ ನೋಡಿದಳು. ಕಲ್ಯಾಣಿ ನೀರಿನ ಲೋಟ ಟೀಪಾಯಿಯ ಮೇಲಿಟ್ಟು ಮುಖ ಬೇರೆ ಕಡೆ ತಿರುಗಿಸಿದಳು. "ಕಲ್ಯಾಣಿ. ಯಾರು ಹೋಗಿದ್ದು?"

"ಇನ್ನೂ ಹೋಗಿಲ್ಲ," ಎಂದಳು ಕಲ್ಯಾಣಿ. ಆಮೇಲೆ ಎಲ್ಲವನ್ನೂ ಹೇಳಿದಳು, ಮಗಳಿಗೆ ತಾನು ಆಡಿದ ಸುಳ್ಳನ್ನೂ.

"ಇನ್ನೊಂದು ಕಡೆ ಸ್ಕ್ಯಾನ್ ಮಾಡಿಸಿದ್ರೆ…" ಎಂದು ಶುರು ಮಾಡಿದ ವಿಜಯಾ ತಾನೇ ನಿಲ್ಲಿಸಿದಳು. "ನನ್ನಪ್ಪ ಇದ್ದಿದ್ರೆ ಮಹಾಪಾಪ ಅಂತಿದ್ರು. ನನಗೂ ಇದು ಸರಿ ಅನ್ನೋಕೆ ಕಷ್ಟ, ಸುಳ್ಳು ಹೇಳಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆಕಾಶನ ಕಡೆ ವಯಸ್ಸಾದೋರು ಯಾರಿದ್ದಾರೆ?"

"ಯಾಕ್ರಿ?"

"ಸಾಯಿಸೋದಾದ್ರೆ ಸರಿಯಾದ ಮನೇಲಿ ಸಾಯಿಸಬೇಕಲ್ಲ!"

ಕಲ್ಯಾಣಿಗೆ ಅಳುವಿನ ನಡುವೆ ನಗೆ ಬಂದು ಕೆಮ್ಮು ಹತ್ತಿತು. ಇಬ್ಬರೂ ಸೇರಿ ಆಕಾಶನ ಚಿಕ್ಕಪ್ಪನನ್ನು ಆರಿಸಿದರು. ವಿಜಯಾ ಫೋನನ್ನು ಟೀಪಾಯಿಯ ಮೇಲಿಟ್ಟು ಸ್ಪೀಕರಿಗೆ ಹಾಕಿದಳು.

"ಶೋಭಾ, ಶನಿವಾರದ್ದು ನಿಲ್ಲಿಸ್ಬೇಕು ಕಣೇ. ಆಕಾಶನ ಚಿಕ್ಕಪ್ಪ ಹೋಗ್ಬಿಟ್ರಂತೆ, ಊರಲ್ಲಿ."

"ಛೆ ಛೆ! ಹಾಗಾದ್ರೆ ಹೋಳಿಗೆ ಬಿಟ್ಟು ಸಪ್ಪೆ ಅಡುಗೆ ಮಾಡ್ಕೊಂಡು ಎಲ್ಲರೂ ಹೋಗಿ ಮಾತಾಡಿಸಿ ಬರ್ತೀವಿ ಅತ್ತಿಗೆ. ಸೂತಕದ ಮನೇಲಿ ಬಸುರಿ ಒಲೆ ಹಚ್ಚಬೇಕಾ?"

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಶುಭಕ್ಕೆ ಬರುವವರನ್ನು ತಡೆಯಬಹುದು. ಸಾವಿಗೆ ಬರುವವರನ್ನು ತಡೆಯುವುದು ಹೇಗೆ?

"ಅವರು… ಅವರು ಊರಲ್ಲಿರಲ್ಲ," ಎಂದಳು ವಿಜಯಾ. "ಗುರುವಾರ ವಿಮಾನಕ್ಕೆ ಹೋಗ್ತಾರಂತೆ. ಆಕಾಶನ ಅಣ್ಣನ ಮನೆಗೆ."

"ಎಲ್ಲಿ ಅವರ ಅಣ್ಣನ ಮನೆ?"

"ಅಲ್ಲೇ ಎಲ್ಲೋ…" ಎನ್ನುತ್ತ ವಿಜಯಾ ಕಲ್ಯಾಣಿಯ ಕಡೆ ತಿರುಗಿದಳು. ಫೋನಿನ ಆಚೆ ಎಲ್ಲೋ ನಾಯಿ ಬೊಗಳಿತು, ಬಾಗಿಲು ಹಾಕಿದ ಸದ್ದಾಯಿತು. ಮತ್ತೆ ಮಾತಾಡಿದಾಗ ಶೋಭಾಳ ದನಿ ಇಳಿದಿತ್ತು.

"ಅತ್ತಿಗೆ, ಎಲ್ಲಿ ಅಂತ ಹೇಳ್ಬೇಡಿ. ಹೋದ ವರ್ಷ ನಮ್ಮ ಬೀದಿಯವಳೊಬ್ಬಳು ಹೀಗೇ ಸೂತಕ ಅಂತ ಎರಡು ದಿನ ಹೋಗಿ ಬಂದ್ಲು. ಯಾರು ಸತ್ತಿದ್ದು ಅಂತ ನಾವ್ಯಾರೂ ಕೇಳಲಿಲ್ಲ. ಕಲ್ಯಾಣಿ ಆಂಟಿ ಅಲ್ಲೇ ಇದ್ದಾರಾ?"

"ಇದ್ದೀನವಾ," ಎಂದಳು ಕಲ್ಯಾಣಿ.

"ಆಂಟಿ, ಇಲ್ಲಿಯವರಿಗೆ ನಾನು ಹೇಳ್ಕೋತೀನಿ. ಯಾರೂ ಹೋಗಲ್ಲ. ಏರ್‌ಪೋರ್ಟಿಗೆ ಅವರ ಕಾರು ಬೇಡ, ಗುರುತು ಸಿಗುತ್ತೆ. ನಾನು ಬಿಡ್ತೀನಿ, ನಾನೇ ಕರ್ಕೊಂಡೂ ಬರ್ತೀನಿ."

"ಬ್ಯಾಡವಾ. ಬಿಟ್ಟವರ ಮ್ಯಾಲೂ ಕೇಸ್ ಹಾಕ್ತಾರಂತ."

"ಗೊತ್ತು ಆಂಟಿ," ಎಂದಳು ಶೋಭಾ. "ಮಾಳವಿಕಾನ್ನ ಕೇಳಿ ಹೇಳಿ."

ವಿಜಯಾ ಎದ್ದು ಅಡುಗೆಮನೆಗೆ ಹೋಗಿ, ನಡುವಿನ ಬಾಗಿಲು ಎಳೆದುಕೊಂಡಳು. ಕಲ್ಯಾಣಿ ಕಿಟಕಿಯ ಹತ್ತಿರ ಹೋದಳು, ಬಾಗಿಲಿನ ತನಕ ಬಂದಳು, ಮತ್ತೆ ಕಿಟಕಿಗೆ ಹೋದಳು. ಮಗಳಿಗೆ ಹಚ್ಚಿದ ಫೋನು ಬಡಿದುಕೊಳ್ಳುತ್ತಿತ್ತು.

"ಹೇಳಮ್ಮ."

"ಮಾಳೂ, ಆಗ ನಾ ಸುಳ್ಳು ಹೇಳಿದೆ. ಮೊದಲ ಎಲ್ಲಾರಿಗೂ ಹೇಳಿಬಿಟ್ಟಿದ್ದೆ. ಈಗ ಇಬ್ಬರಿಗೆ ಖರೇನೂ ಗೊತ್ತಾತು." ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಕುಬಸದ್ದು, ಚಿಕ್ಕಪ್ಪನದ್ದು, ಶೋಭಾ ಅಂದದ್ದು ಎಲ್ಲ ಹೇಳಿದಳು. "ನೀ ಬ್ಯಾಡ ಅಂದ್ರ ಬ್ಯಾಡ. ನನ್ನ ಬೈಯಿ, ಬೇಕಾದ್ದು ಅನ್ನು."

ಮಗಳು ಬೈಯಲಿಲ್ಲ. ಕೆಳಗೆ ಬೀದಿಯಲ್ಲಿ ಕೆಂಪು ಬಸ್ಸೊಂದು ಬಂದು ನಿಂತಿತು. ಗಾಲಿಯ ಕೈಚೀಲ ಎಳೆಯುತ್ತ ಒಬ್ಬ ಮುದುಕಿ ಮುಂದೆ ಬಂದಳು.

"ಶೋಭಾ ಆಂಟಿ," ಎಂದಳು ಮಾಳವಿಕಾ ಕೊನೆಗೆ, ಕನ್ನಡದಲ್ಲೇ, "ಗುರುವಾರ ಎಷ್ಟು ಗಂಟೇಕ್ಕ ಬರ್ತಾರಂತ?"

ಬಸ್ಸು ಉಸ್ಸೆಂದು ಗಾಳಿ ಬಿಟ್ಟು, ಮೇವಿಗೆ ಕತ್ತು ಇಳಿಸುವ ಎತ್ತಿನ ಹಾಗೆ ಫುಟ್‌ಪಾತಿನ ಕಡೆಗೆ ಮೆಲ್ಲಗೆ ಬಾಗಿತು. ಮುದುಕಿ ಒಂದು ಕಾಲಿಟ್ಟು, ಕಂಬ ಹಿಡಿದು, ಇನ್ನೊಂದು ಕಾಲು ಎತ್ತುವ ತನಕ ಅದು ಹಾಗೇ ಬಾಗಿ ನಿಂತಿತ್ತು.