ದೊಡ್ಡ ಮತ

ನನ್ನ ಗಂಡನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ದೊಡ್ಡ ಮತ. ನಮ್ಮ ದೇಶದಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವಂತಿಲ್ಲ. ವಾರ್ಡಿಗೊಬ್ಬ ಆಯ್ಕೆದಾರನನ್ನು ನಾವು ಆರಿಸಬೇಕು. ಅಂಥ ಮುನ್ನೂರ ಹದಿನೆಂಟು ಮಂದಿ ರಾಜಧಾನಿಗೆ ಹೋಗಿ, ಬಾಗಿಲು ಹಾಕಿಕೊಂಡು, ಅಧ್ಯಕ್ಷರನ್ನು ಆರಿಸುತ್ತಾರೆ. ಜನರ ಕೈಗೆ ಕೊಟ್ಟರೆ ಆವೇಶದಲ್ಲಿ ಏನಾದರೂ ಎಡವಟ್ಟು ಮಾಡಿಕೊಂಡಾರು ಎಂದು ಹಿಂದಿನವರು ಮಾಡಿಟ್ಟ ಏರ್ಪಾಡಂತೆ. ಹಾಗೆ ಆರಿಸಿ ಕಳಿಸಿದ ಒಬ್ಬ ಅಧ್ಯಕ್ಷರು ಭಾಷಣದ ನಡುವೆ ನಿದ್ದೆ ಹೋಗುತ್ತಿದ್ದರು, ಅದೂ ತಮ್ಮದೇ ಭಾಷಣದಲ್ಲಿ. ಆವೇಶವಿಲ್ಲದೆ ಆರಿಸಿದ್ದರು ಎಂಬುದನ್ನಂತೂ ಒಪ್ಪಲೇಬೇಕು.

ನಮ್ಮ ವಾರ್ಡಿನ ಆಯ್ಕೆದಾರರು ನಮ್ಮ ಯಜಮಾನರೇ, ಸತತ ನಾಲ್ಕನೇ ಸಲ. ಉಳಿದ ದಿನಗಳಲ್ಲಿ ಅವರು ಮೂಲೆ ಅಂಗಡಿಯಲ್ಲಿ ಕೂತು ಕನ್ನಡಕಕ್ಕೆ ಗಾಜು ಕೂರಿಸುವ ಮನುಷ್ಯ. ಐದು ವರ್ಷಕ್ಕೊಮ್ಮೆ ಹೆಗಲಿಗೆ ನೀಲಿ ಪಟ್ಟಿ ಬೀಳುತ್ತದೆ ನೋಡಿ, ತಲೆ ಮೇಲೆ ಕೊಂಬು ಮೂಡಿಬಿಡುತ್ತದೆ. ಆ ಪಟ್ಟಿಗೆ ಇಸ್ತ್ರಿ ಹಾಕುವವಳು ನಾನು. ಮದುವೆಯಾಗಿ ಮೂವತ್ತು ವರ್ಷವಾಯಿತು. ಅಧ್ಯಕ್ಷರ ಹೆಸರಿನ ಮುಂದೆ ಗುರುತು ಹಾಕುವ ಭಾಗ್ಯ ನನಗೆ ಒಂದು ಸಲವೂ ಬರಲಿಲ್ಲ. ಒಮ್ಮೆಯಾದರೂ ಹಾಕಬೇಕು ಎಂಬ ಆಸೆ ನನಗಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಈ ವರ್ಷ ಸರ್ಕಾರಕ್ಕೇ ಜ್ಞಾನೋದಯವಾಯಿತು. ಆಯ್ಕೆದಾರರ ಪದ್ಧತಿ ಇರಬೇಕೋ ರದ್ದಾಗಬೇಕೋ ಎಂದು ದೇಶದ ತುಂಬಾ ಚರ್ಚೆ ಶುರುವಾಯಿತು. ನಾನು ವಾರ್ಡ್ ಕಚೇರಿಯಲ್ಲಿ ಬೆರಳಚ್ಚುಗಾರ್ತಿ, ಹಾಗಾಗಿ ಸುತ್ತೋಲೆ ಮೊದಲು ಬಂದದ್ದು ನನ್ನ ಮೇಜಿಗೆ. ಎರಡು ಸಲ ಓದಿದೆ. ‘ಪದ್ಧತಿಯ ರದ್ದತಿ ಕುರಿತು ಜನರ ಅಭಿಪ್ರಾಯವನ್ನು ಆಯಾ ವಾರ್ಡಿನ ಆಯ್ಕೆದಾರರು ಸಂಗ್ರಹಿಸಿ, ರಾಜಧಾನಿಗೆ ಬಂದು, ಜನರ ಪರವಾಗಿ ಮತ ಹಾಕತಕ್ಕದ್ದು.’

“ಸಾರ್, ಇದು ಸರಿಯಿದೆಯಾ?” ಎಂದು ಗುಮಾಸ್ತರನ್ನು ಕೇಳಿದೆ.

“ಕಾಗುಣಿತ ತಪ್ಪಿದ್ರೆ ತಿದ್ದಮ್ಮಾ, ಬುದ್ಧಿ ತಪ್ಪಿದ್ರೆ ಹಾಗೇ ಹೊಡಿ. ಮೇಲಿಂದ ಬಂದಿರೋದು” ಎಂದರು.

ಭಾನುವಾರ ಶಾಲೆಯ ಹಾಲಿನಲ್ಲಿ ಸಭೆ. ಜನವೋ ಜನ. ಕಿಟಕಿಯಲ್ಲೂ ಕೂತಿದ್ದರು. ನಿವೃತ್ತ ಹೆಡ್‌ಮಾಸ್ಟರು ಮೇಜು ಗುದ್ದಿ ಗುದ್ದಿ ಮಾತಾಡಿದರು. “ನಮ್ಮ ಬಾಯಿ ನಮಗಿದೆ! ನಮ್ಮ ಪರವಾಗಿ ಇನ್ನೊಬ್ಬ ಯಾಕ್ರೀ ಮಾತಾಡ್ಬೇಕು?” ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ. ಇನ್ನೇನು ಕೈ ಎತ್ತಿಸಿ ಎಣಿಸಬೇಕು, ಅಷ್ಟರಲ್ಲಿ ಅದೇ ಹೆಡ್‌ಮಾಸ್ಟರು, “ಇಷ್ಟು ಜನರನ್ನ ಎಣಿಸೋದು ಕಷ್ಟ. ಬೀದಿಗೊಬ್ಬರು ಎಲ್ಲರ ಪರವಾಗಿ ಕೈ ಎತ್ತಿಬಿಡಿ” ಎಂದರು. ಅಯ್ಯೋ, ಒಬ್ಬರಾದರೂ ತಕರಾರು ತೆಗೆಯಬಾರದೆ? ಸುಮ್ಮನೆ ತಲೆಯಾಡಿಸಿದರು! ನಮ್ಮ ಬೀದಿಯ ಪರವಾಗಿ ಹಾಲು ಮಾರುವವನು ಕೈ ಎತ್ತಿದ. ಅವನ ಮನೆ ಪಕ್ಕದ ಬೀದಿಯಲ್ಲಿತ್ತು. ನನ್ನ ಕೈ ಅರ್ಧಕ್ಕೆ ಏರಿದ್ದು ಹಾಗೇ ಇಳಿಯಿತು.

ಅಂತೂ ಇಪ್ಪತ್ತೆರಡು ಬೀದಿಯೂ ರದ್ದತಿಯ ಪರ. ಹಾಗೆಂದು ಒಂದು ಪತ್ರವನ್ನು ನಾನೇ ಬೆರಳಚ್ಚು ಮಾಡಿ ಮೊದಲ ಸಹಿ ಹಾಕಿದೆ. ಹಠಕ್ಕೆ ಬಿದ್ದು ಮನೆಮನೆ ತಿರುಗಿ ಆರುನೂರು ಸಹಿ ಸೇರಿಸಿದೆ. ಹೊರಡುವ ದಿನ ಅದನ್ನು ಯಜಮಾನರ ಚೀಲಕ್ಕೆ ನಾನೇ ಹಾಕಿದೆ.

“ನಿಜ ಹೇಳಿ, ಇದರಲ್ಲಿರೋ ಹಾಗೇ ಹಾಕ್ತೀರಾ?”

“ಪರಿಶೀಲಿಸ್ತೀನಿ.”

“ಪರಿಶೀಲನೆ ಎಂಥದ್ದು? ಅಂಗಡೀಲಿ ಗಿರಾಕಿ ಕಣ್ಣಿಗೆ ಗಾಜಿಟ್ಟು, ಇದರಲ್ಲಿ ಕಾಣುತ್ತಾ, ಅದರಲ್ಲಿ ಕಾಣುತ್ತಾ ಅಂತ ಹತ್ತು ಸಲ ಕೇಳ್ತೀರಲ್ಲ. ಅವರು ಬೇಡ ಅಂದ ಗಾಜು ಕೂರಿಸ್ತೀರಾ?”

“ಅದು ಕಣ್ಣು ಕಣೇ. ಇದು ದೇಶ” ಎಂದರು. ಮೈಯೆಲ್ಲ ಉರಿದುಹೋಯಿತು. ಆದರೂ ಬಾಗಿಲವರೆಗೆ ಹೋಗಿ, “ನನಗೋಸ್ಕರ ಆದ್ರೂ ಹಾಕ್ರೀ. ಬೇರೇನೂ ಕೇಳಲ್ಲ” ಎಂದೆ. ಹ್ಞೂಂ ಎಂದು ತಲೆಯಾಡಿಸಿ ಹೋದರು. ಆ ಹ್ಞೂಂ ಅನ್ನು ನಾನು ನಂಬಿದೆ.

ಮೂರನೇ ದಿನ ಬೆಳಿಗ್ಗೆ ಕಚೇರಿಗೆ ಫಲಿತಾಂಶ ಬಂತು. ನೋಟಿಸ್ ಬೋರ್ಡಿಗೆ ಹಾಕಲು ಬೆರಳಚ್ಚು ಮಾಡಬೇಕಾದವಳು ನಾನೇ ತಾನೆ. ಪದ್ಧತಿ ಉಳಿಯಲಿ: ಮುನ್ನೂರ ಹದಿನೆಂಟು. ರದ್ದಾಗಲಿ: ಸೊನ್ನೆ. ಮೂಲ ಕಾಗದವನ್ನು ಇನ್ನೊಮ್ಮೆ ನೋಡಿ ಸೊನ್ನೆ ಹೊಡೆದೆ. ಒಂದು ಪ್ರತಿ ಕೈಚೀಲಕ್ಕೆ ತುರುಕಿಕೊಂಡು ಊಟದ ಬಿಡುವಿಗೆ ಮನೆಗೆ ಬಂದೆ.

ಯಜಮಾನರು ಬಂದಾಗ ಎರಡು ಗಂಟೆ. ಬೀದಿಯ ತುದಿಯಿಂದಲೇ ದನಿ ಕೇಳುತ್ತಿತ್ತು. “ನಾನು ನಿಮ್ಮ ಮಾತಿನಂತೆ ರದ್ದು ಅಂತಾನೇ ಹಾಕಿದೆ. ಉಳಿದವರು ಕೈ ಕೊಟ್ಟರು, ಏನು ಮಾಡೋದು?” ಹೆಡ್‌ಮಾಸ್ಟರು ಅವರ ಬೆನ್ನು ತಟ್ಟುತ್ತಿದ್ದರು. ಗುಟ್ಟಿನ ಮತದಾನ, ಲೆಕ್ಕ ಹೊರಗೆ ಬರುವುದಿಲ್ಲ ಎಂದು ಇವರು ಅಂದುಕೊಂಡಿದ್ದರು. ಇದೇ ಹೊತ್ತಿಗೆ ಮುನ್ನೂರ ಹದಿನೇಳು ಬೀದಿಗಳಲ್ಲಿ ಮುನ್ನೂರ ಹದಿನೇಳು ಬೆನ್ನುಗಳಿಗೆ ತಟ್ಟಿಸಿಕೊಳ್ಳುವ ಯೋಗ ಬಂದಿದ್ದೀತು.

ಒಳಗೆ ಬಂದವರ ಮುಂದೆ ಕಾಗದ ಹಿಡಿದೆ. ಓದಿದರು. ಮುಖ ಇಷ್ಟಗಲವಿದ್ದದ್ದು ಇಷ್ಟಾಯಿತು.

“ಒಬ್ಬರೂ ಹಾಕಿಲ್ಲವಾ? ನಾನೊಬ್ಬ ಹಾಕದಿದ್ದರೆ ಏನು ಮಹಾ, ಬೇರೆಯವರು ಹಾಕ್ತಾರೆ ಅಂದ್ಕೊಂಡೆ.”

“ನನಗೆ ಹ್ಞೂಂ ಅಂದಿದ್ರಿ.”

“ನೋಡು, ಜನ ಏನೋ ಹುಮ್ಮಸ್ಸಲ್ಲಿ ಬರೆದಿರ್ತಾರೆ. ಅವರಿಗೆ ನಿಜವಾಗಿ ಏನು ಬೇಕು ಅನ್ನೋದನ್ನ ನಾವೇ ಯೋಚಿಸಬೇಕು.” ಆಮೇಲೆ ದನಿ ಇಳಿಯಿತು. “ಆ ಪಟ್ಟಿ ಹೋದರೆ ನನ್ನನ್ನ ಯಾರು ಕೇಳ್ತಾರೆ ಹೇಳು.”

ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಮೂವತ್ತು ವರ್ಷದ ಸಿಟ್ಟು ಆ ಪಾಪಕ್ಕಿಂತ ಹಿರಿದಾಗಿತ್ತು.

“ಹೋಗಲಿ ಬಿಡು. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ, ಹೊಟ್ಟೆ ತಾಳ ಹಾಕ್ತಿದೆ” ಎಂದು ಅಡುಗೆಮನೆಗೆ ನಡೆದರು. ಒಂದು ಪಾತ್ರೆಯ ಮುಚ್ಚಳ ತೆಗೆದರು. ಇನ್ನೊಂದರದೂ ತೆಗೆದರು. ಎರಡೂ ಖಾಲಿ.

“ಊಟ ಎಲ್ಲೇ?”

“ಆಯ್ತು. ನಿಮ್ಮ ಪರವಾಗಿ ನಾನೇ ಮಾಡಿದೆ.”

“ಏನಂದೆ?”

“ಹುಮ್ಮಸ್ಸಲ್ಲಿ ಜಾಸ್ತಿ ತಿಂದುಬಿಡ್ತೀರಿ. ಯೋಚಿಸಿ, ಪರಿಶೀಲಿಸಿ, ನಾನೇ ತಿಂದೆ.” ನಿಜಕ್ಕೂ ತಿಂದಿದ್ದೆ. ಇಬ್ಬರ ಪಾಲೂ ತಿಂದು ನನಗೆ ಉಸಿರಾಡಲೂ ಆಗುತ್ತಿರಲಿಲ್ಲ.

ಮುಚ್ಚಳವನ್ನು ನೆಲಕ್ಕೆ ಕುಕ್ಕಿದರು. “ಹಸಿದಿರೋನು ನಾನು! ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?”

ನನಗೆ ಅಳು ಬಂತು. “ನಾನೂ ಅದನ್ನೇ ಕೇಳ್ತಿರೋದು ಕಣ್ರೀ” ಎಂದೆ.