ಕಡ ಅಂದರೆ ಅಂಚು

ಸಾಬೂದಾಣಿ ಚೆಲ್ಲಿದ ಹಾಗೆ ನೆಲದ ತುಂಬ ಗಾಜು, ಚಪ್ಪಲಿಯ ಕೆಳಗೆ ಕರಕರ ಅನ್ನುತ್ತಿದೆ, ಅದರ ಮೇಲೆಯೇ ಮೊಣಕಾಲೂರಿ ಕೂತಿದ್ದಾನೆ ಭೀಮು, ಶರಣಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ಅವ್ವ ಹೊಲಕ್ಕೆ ಹೋದಾಗ ಅವಳೇ ಬಗಲಲ್ಲಿ ಹೊತ್ತು ಬೆಳೆಸಿದವನು, ಮೊನ್ನೆ ಸುರಪುರದ ಕಡೆಯಿಂದ ಮರಾಠಿ ಸೀಮೆಯ ನಿಗಡಿಗೆ ಬಂದು ಅವಳ ಗಾಜಿನ ಕಾರ್ಖಾನೆಯನ್ನೇ ಸೇರಿದವನು, ಕೆಲಸ ಮಾಡಿಸುವ ಮುಕಾದಮ ಏಕನಾಥನ ಕೈಯಲ್ಲಿ ಕಬ್ಬಿಣದ ಪಟ್ಟಿ ಏಳುತ್ತಿದೆ, ಇಳಿಯುತ್ತಿದೆ, ಏ ಕಾನಡ್ಯಾ, ಕಾನ ನಾಹೀತ ಕಾ ತುಲಾ, ಕನ್ನಡದವನೇ, ಕಿವಿ ಇಲ್ಲವೇನೋ ಎಂದು ಕಿವಿಗೇ ಬಾರಿಸುತ್ತಿದ್ದಾನೆ — ಕಡ ಬಘ ಅಂದಿದ್ದ ಅವನು, ಮರಾಠಿಯಲ್ಲಿ ಕಡ ಅಂದರೆ ಅಂಚು, ಅಂಚು ನೋಡು ಅಂತ, ಭೀಮುವಿಗೆ ಕೇಳಿದ್ದು ಕಡಿ, ಕಡಿ ಅಂದ್ರಲ್ಲಕ್ಕಾ, ನಾ ಕಡದ್ನಿ, ಕೊಯ್ಯುವ ಗಾಲಿ ಎಳೆದು ಅಂಚಿಗೆ ತಟ್ಟಿದ, ಇಡೀ ಗಾಜಿನ ಹಾಳೆ ಢಮ್ಮೆಂದು ಸಿಡಿಯಿತು, ಭಟ್ಟಿಯಿಂದ ಬಂದದ್ದನ್ನು ಯಾರಾದರೂ ಕಡೀತಾರೇನೋ ತಮ್ಮಾ, ಕೊಯ್ಯುವುದು, ತೂತು ಹಾಕುವುದು ಎಲ್ಲ ಬೆಂಕಿಗೆ ಹೋಗುವ ಮೊದಲು, ಮೆತ್ತಗಾಗುವಷ್ಟು ಕಾದ ಗಾಜಿಗೆ ಎರಡೂ ಮಗ್ಗುಲಿಂದ ಗಾಳಿ ಹೊಡೆಯುತ್ತಾರೆ, ಮೈ ಮೊದಲು ಬಿಗಿಯುತ್ತದೆ, ಒಳಗಿನದು ಆಮೇಲೆ ಆರುತ್ತ ಆರುತ್ತ ಒಳಕ್ಕೆ ಎಳೆಯುತ್ತಲೇ ಇರುತ್ತದೆ, ಎಳೆದಷ್ಟೂ ಮೈ ಗಟ್ಟಿ, ನಡುವೆ ನಿಂತು ಕುಣಿದರೂ ತಾಳುತ್ತದೆ, ಅಂಚಿಗೆ ತಟ್ಟಿದರೆ ಪುಡಿ, ಮುಖ ನೋಡಿಕೊಂಡರೆ ಮಾತ್ರ ಸಣ್ಣ ಅಲೆ, ಕೆನ್ನೆ ತುಸು ಸೊಟ್ಟ — ಅವಳ ಕೆನ್ನೆಗೂ ಬಿದ್ದಿದೆ ಇದೇ ಕೈ, ಶರಣಮ್ಮಾ ತೂ ತರ ಟಫನ್ ಆಹೇಸ, ನೀನಂತೂ ಭಟ್ಟಿಯಲ್ಲಿ ಗಟ್ಟಿಯಾದ ಗಾಜು ಅಂತ ನಕ್ಕಿದ್ದ, ಅವಳೂ ನಕ್ಕಿದ್ದಳು, ನಗದೆ ಏನು ಮಾಡುವುದು, ಪಟ್ಟಿ ಮತ್ತೆ ಎದ್ದಿತು, ಭೀಮುವಿನ ಹುಬ್ಬು ಸೀಳಿತು, ಸಾಯ್ತಾನ್ರೀ, ಬಿಡ್ರಿ, ಅದು ತನ್ನದೇ ದನಿ, ಬಿಡ್ರೀ ಸಾಹೇಬ್ರ — ಮರಾಠಿಯಲ್ಲಿ ಹೇಳಬೇಕಿತ್ತು, ಸೋಡಾ ಅಂತ, ಬಾಯಿಗೆ ಬರುತ್ತಿಲ್ಲ, ಏಕನಾಥ ತಿರುಗಿಯೂ ನೋಡಲಿಲ್ಲ, ಅವನ ಕಿವಿಯ ಮೇಲುಗಡೆ, ಆ ಮೆತ್ತನೆಯ ಜಾಗದಲ್ಲಿ, ಬೆವರಿಗೆ ಅಂಟಿಕೊಂಡು ಗಾಜಿನ ಒಂದು ಹರಳು, ಮಿನುಗುತ್ತಿದೆ, ಭೀಮುವಿನ ಬಾಯಿಂದ ಈಗ ಅಕ್ಕಾ ಬರುತ್ತಿಲ್ಲ, ಬರೀ ಗುಳುಗುಳು, ನೆತ್ತರು, ಒಂದು ಹಲ್ಲು, ಹರಳು ಮಿನುಗುತ್ತಿದೆ, ಮಾದರಿ ಗಾಜು ಒಡೆದು ನೋಡುವ ಚೂಪು ಸುತ್ತಿಗೆ ಗೋಡೆಯ ಮೊಳೆಯಲ್ಲಿಲ್ಲ, ಅವಳ ಮುಷ್ಟಿಯಲ್ಲಿದೆ, ಯಾವಾಗ ಬಂತು, ಬೆನ್ನಿಗೆ ಹಾಕಿದರೆ ತಾಳುತ್ತಾನೆ, ಹೆಗಲಿಗೆ ಹಾಕಿದರೂ ತಾಳುತ್ತಾನೆ, ತಿರುಗಿ ನಿಂತು ಇಬ್ಬರನ್ನೂ ಮುಗಿಸುತ್ತಾನೆ, ನಡುವೆ ಹೊಡೆದರೆ ಏನೂ ಆಗದು, ಅಂಚು ನೋಡಬೇಕು, ಅಂಚು — ಸುತ್ತಿಗೆ ಹರಳಿನ ಬಳಿ ಟಪ್ ಅಂದದ್ದು ಇಷ್ಟೇ ಸಣ್ಣ ಸದ್ದು, ಏಕನಾಥ ನಿಂತೇ ಇದ್ದಾನೆ, ಏನೋ ಹೇಳಲು ಬಾಯಿ ತೆರೆದಿದ್ದಾನೆ, ಪಟ್ಟಿ ಕೈಜಾರಿದೆ, ಯಾರೋ ಅಕ್ಕಾ ಅಂದರು, ಭೀಮುವೇ ಇರಬೇಕು, ಇನ್ನೂ ಬಿದ್ದಿಲ್ಲ ಏಕನಾಥ, ಯಾಕೆ ಬೀಳುತ್ತಿಲ್ಲ, ಹರಳು ಅಲ್ಲೇ ಇದೆ, ಕೆಂಪಗಿದೆ, ಹರಳು ಕೆಂಪಗಿದೆ, ಹರಳು