ಬಾಗಿಲು ಒಪ್ಪದ ಕೈ

ಕೆಂಪು — ಇಲ್ಲ, ಕೈಯನ್ನೇ ಸರಿಯಾಗಿ ಇಟ್ಟಿರಲಿಲ್ಲ, ಹೆಬ್ಬೆರಳು ಗೂಟಕ್ಕೆ ತಾಗಿರಲಿಲ್ಲ, ಅಷ್ಟೇ, ತಟ್ಟೆ ತಣ್ಣಗಿದೆ, ನನ್ನ ಬೆವರು ಅದರ ಮೇಲೆ ಐದು ಬೆರಳಾಗಿ ಉಳಿದು ಮೆಲ್ಲಗೆ ಆರುತ್ತಿದೆ, ಬೆನ್ನ ಹಿಂದೆ ಗಾಜಿನ ಬಾಗಿಲು ಮುಚ್ಚಿಕೊಂಡಿದೆ, ಮುಂದಿನ ಗಾಜಿನ ಬಾಗಿಲು ತೆರೆದಿಲ್ಲ, ನಡುವೆ ನಾನು, ಒಬ್ಬರು ನಿಂತರೆ ಭುಜ ತಾಗುವಷ್ಟು ಜಾಗ, ಇದನ್ನು ಕಟ್ಟಿದವನು ಜನ್ಮದಲ್ಲಿ ದಪ್ಪಗಿರುವವರನ್ನು ನೋಡಿಯೇ ಇಲ್ಲವೇನೋ. ಅಣುಸ್ಥಾವರದ ಒಳಗೆ ಹೋಗುವವರೆಲ್ಲ ದಿನಾ ಹೀಗೇ ಹೋಗಬೇಕು, ಕಾರ್ಡು ತೋರಿಸಿ, ತಟ್ಟೆಯ ಮೇಲೆ ಕೈ ಚಾಚಿ, ಪುಟ್ಟ ಗೂಟಗಳ ನಡುವೆ ಬೆರಳು ತೂರಿಸಿ, ಉಸಿರು ಹಿಡಿದು. ಈ ಯಂತ್ರ ಬೆರಳಚ್ಚು ಕೇಳುವುದಿಲ್ಲ, ಬೆರಳುಗಳ ಉದ್ದ, ದಪ್ಪ, ಅಂಗೈಯ ಅಗಲ ಅಳೆಯುತ್ತದೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ಇದಕ್ಕೆ ಬೇಕು, ಪಕ್ಕದಲ್ಲಿ ಓರೆಯಾಗಿ ಒಂದು ಕನ್ನಡಿ ಇಟ್ಟುಕೊಂಡು ಕೈಯನ್ನು ಅಡ್ಡಡ್ಡವಾಗಿಯೂ ನೋಡುತ್ತದೆ, ರವಿಕೆ ಹೊಲಿಯುವ ದರ್ಜಿಯೂ ಇಷ್ಟು ಅಳತೆ ತೆಗೆಯುವುದಿಲ್ಲ. ಗಾಜಿನಾಚೆ ಕಾವಲಿನ ಮೀಸೆ ಮಾಮ ತಲೆ ಎತ್ತಿದ್ದಾನೆ, ಗೋಡೆಯಲ್ಲಿರುವ ಧ್ವನಿಪೆಟ್ಟಿಗೆ ಕರಕರ ಅನ್ನುತ್ತಿದೆ, ಏನ್ ಮೀಟರಮ್ಮ, ಒಂದ್ ವಾರ ರಜೆ ಹಾಕಿದ್ದಕ್ಕೆ ಮಿಷಿನ್ನು ನಿನ್ನ ಮರ್ತೇ ಬಿಡ್ತಾ, ಉಂಗುರ ಗಿಂಗುರ ಇದ್ರೆ ತೆಗ್ದು ಇನ್ನೊಂದ್ ಸಲ ಇಡಮ್ಮ. ಉಂಗುರ ಎಲ್ಲಿದೆ ಮಾಮ, ಉಂಗುರ ಬೆರಳಿಗೆ ಏರುವುದು ಬಿಟ್ಟು ಎಷ್ಟು ದಿನವಾಯಿತು, ಸೂಜಿ ದಾರದ ಡಬ್ಬಿಯಲ್ಲಿ ಮಲಗಿದೆ, ಅತ್ತೆ ಕೇಳಿದಾಗ ಪಾತ್ರೆ ತೊಳೆಯುವಾಗ ಜಾರುತ್ತೆ ಅಂದೆ, ಜಾರುತ್ತಾ, ಅಂತ ಅತ್ತೆ ನನ್ನ ಬೆರಳು ನೋಡಿದರು. ಮಾಮನಿಗೆ ಬರಿಗೈ ತೋರಿಸಿದೆ.

ಎರಡನೆಯ ಸಲ ನಿಧಾನವಾಗಿ ಇಡುತ್ತೇನೆ, ಮೊದಲು ಮಧ್ಯದ ಬೆರಳು, ಆಮೇಲೆ ಉಳಿದವು, ತಟ್ಟೆಯ ಮೇಲಿನ ಪುಟ್ಟ ಕೈಯ ಚಿತ್ರದಲ್ಲಿ ಒಂದೊಂದೇ ದೀಪ ಆರಿದರೆ ಬೆರಳು ಸರಿಯಾಗಿ ಕೂತಿದೆ ಎಂದರ್ಥ, ಆರಿತು, ಆರಿತು, ಎಲ್ಲ ಆರಿತು, ಈಗ ಹಸಿರು ಬರಲಿ, ಬಾರೋ ಮಾರಾಯ — ಕೆಂಪು. ಹಿಂದಿನ ಸಾಲಿನಲ್ಲಿ ವೆಲ್ಡರ್ ಗಾಜು ತಟ್ಟುತ್ತಾನೆ, ಅಕ್ಕಾ ಕೈ ತೊಳ್ಕೊಂಡ್ ಬಂದಿಲ್ವಾ, ಅದಕ್ಕೂ ಮಡಿ ಬೇಕಂತೆ, ಅವನ ಹಿಂದಿನವರು ನಗುತ್ತಾರೆ, ನಾನೂ ನಗುತ್ತೇನೆ, ನಗದಿದ್ದರೆ ಅನುಮಾನ. ಇನ್ನೊಂದೇ ಸಲ ಉಳಿದಿರುವುದು, ಮೂರನೆಯದಕ್ಕೂ ಕೆಂಪು ಬಂದರೆ ಎರಡೂ ಬಾಗಿಲು ಬಿಗಿದುಕೊಳ್ಳುತ್ತವೆ, ಮಾಮ ಬಂದು ಬಿಡಿಸಿಕೊಂಡು ನೇರ ದವಾಖಾನೆ ಕೋಣೆಗೆ ಕರೆದೊಯ್ಯಬೇಕು, ಕೈ ಯಾಕೆ ಬದಲಾಯಿತು ಅಂತ ಅವರು ಕಂಡುಹಿಡಿಯಬೇಕು, ನಿಯಮ. ಯಾಕೆ ಅಂತ ನನಗೆ ಗೊತ್ತು. ನನಗೂ ಬೇರೆ ಬಡಾವಣೆಗೆ ಹೋಗಿ ಗುಟ್ಟಾಗಿ ತೋರಿಸಿಕೊಂಡ ಡಾಕ್ಟರಮ್ಮನಿಗೂ ಬಿಟ್ಟರೆ ಈ ಯಂತ್ರಕ್ಕೆ ಗೊತ್ತು. ನಾಲ್ಕನೆಯ ತಿಂಗಳು. ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಒರೆಸುತ್ತಿರುವ ಗಂಡನಿಗೆ ಗೊತ್ತಿಲ್ಲ, ಫೋನಿನಲ್ಲಿ ಏನ್ ಸಮಾಚಾರ ಅನ್ನುತ್ತಾನೆ, ಏನೂ ಇಲ್ಲ, ಮಾಮೂಲಿ ಅನ್ನುತ್ತೇನೆ. ಮಾಮೂಲಿಯಂತೆ! ಎಷ್ಟು ಚೆನ್ನಾಗಿ ಆಟ ಕಟ್ಟಿದ್ದೆ, ಕೈ ಊದಿಕೊಳ್ಳಲು ಶುರುವಾದ ದಿನವೇ ಹೊಳೆದಿತ್ತು, ಈ ಯಂತ್ರಕ್ಕೆ ಒಂದು ಒಳ್ಳೆಯ ಗುಣವಿದೆ, ದಿನಾ ಬರುವವರ ಕೈಯನ್ನು ದಿನಾ ಒಂಚೂರು ತಿದ್ದಿಕೊಳ್ಳುತ್ತದೆ, ನಿನ್ನೆಯ ಕೈಗೂ ಇವತ್ತಿನ ಕೈಗೂ ಎಳ್ಳಷ್ಟು ವ್ಯತ್ಯಾಸವಿದ್ದರೆ ಇರಲಿ ಬಿಡು ಅನ್ನುತ್ತದೆ, ಆ ಎಳ್ಳಷ್ಟನ್ನೂ ನೆನಪಿಟ್ಟುಕೊಳ್ಳುತ್ತದೆ, ಅಂದರೆ ಒಂದು ದಿನವೂ ತಪ್ಪಿಸದೆ ಬಂದರೆ ನನ್ನ ಜೊತೆ ಅದೂ ಬಸುರಾಗುತ್ತದೆ, ಅದಕ್ಕೇ ವಾರಕ್ಕೊಮ್ಮೆ ಸಿಗುವ ರಜೆಯನ್ನೂ ಬಿಟ್ಟೆ, ಬೇರೆಯವರ ಪಾಳಿಯನ್ನೂ ಮಾಡಿದೆ, ಮೀಟರಮ್ಮನಿಗೆ ಓವರ್‌ಟೈಮಿನ ಆಸೆ ಹತ್ತಿದೆ ಅಂತ ಆಡಿಕೊಂಡರು, ಆಡಿಕೊಳ್ಳಲಿ. ಆಮೇಲೆ ಅತ್ತೆಗೆ ಜ್ವರ ಬಂತು. ಹಾಸಿಗೆಯಿಂದ ಏಳಲಾಗದವರನ್ನು ಯಂತ್ರಕ್ಕೆ ಕೈ ಕೊಡಬೇಕು ಅತ್ತೆ ಅಂತ ಬಿಟ್ಟು ಬರಲಾಗುತ್ತದೆಯೇ, ಗಂಜಿ ಕುಡಿಸಿದೆ, ಹಣೆಗೆ ಬಟ್ಟೆ ಹಾಕಿದೆ, ಹಾಕುತ್ತಿರುವಾಗಲೂ ಕೈಯನ್ನೇ ನೋಡಿಕೊಂಡೆ, ಆ ಒಂದು ವಾರದಲ್ಲೇ ಅದು ಇಷ್ಟು ಊದಬೇಕೇ.

ಕೈಯೆತ್ತಿ ಹಿಡಿದುಕೋ, ತಲೆಗಿಂತ ಮೇಲೆ, ರಕ್ತ ಇಳಿಯುತ್ತದೆ, ಊತ ಒಂಚೂರು ಕಮ್ಮಿಯಾಗುತ್ತದೆ, ಹಳಬರು ಹೇಳಿಕೊಟ್ಟ ಉಪಾಯ, ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೈ ಎತ್ತಿಕೊಂಡು ನಿಂತಿದ್ದೇನೆ, ಶಾಲೆಯಲ್ಲಿ ಹಾಜರಿ ಕೂಗುವಾಗ ನಿಂತ ಹಾಗೆ, ವೆಲ್ಡರ್ ಈಗ ನಗುತ್ತಿಲ್ಲ, ಅವನಿಗೂ ಹೊತ್ತಾಗುತ್ತಿದೆ. ಇವತ್ತೇ ಆಗಬೇಕಿತ್ತೇ, ಬೆಳಿಗ್ಗೆ ಮೇಲ್ವಿಚಾರಕರು ಫೋನು ಮಾಡಿದ್ದರು, ಸ್ಥಾವರ ದುರಸ್ತಿಗೆ ನಿಂತಿದೆ, ಜನ ಸಾಲದು, ಇವತ್ತು ಒಳಗಿನ ಹಬೆ ಕೋಣೆಗೆ ನೀನೇ ಹೋಗ್ಬೇಕಮ್ಮ, ಇಷ್ಟು ದಿನ ಹೊರಗಿನ ಜಾಗಾನೇ ಹುಡುಕ್ಕೊಂಡಿದೀಯ, ನಾನೇನು ನೋಡ್ತಿಲ್ಲ ಅಂದ್ಕೊಂಡ್ಯಾ. ನೋಡಿದ್ದಾರೆ. ವಿಕಿರಣ ಅಳೆಯುವ ಮೀಟರು ಹಿಡಿದು ಎಲ್ಲರಿಗಿಂತ ಮೊದಲು ನುಗ್ಗಿ, ಇಲ್ಲಿ ಇಷ್ಟು ಹೊತ್ತು ನಿಲ್ಲಬಹುದು, ಅಲ್ಲಿ ನಿಲ್ಲಲೇಬಾರದು ಅಂತ ಹೇಳುವುದು ನನ್ನ ಕೆಲಸ, ಅದಕ್ಕೇ ಮೀಟರಮ್ಮ. ಹೊರಗಿನ ಓಣಿಗಳಲ್ಲಿ ಮುಳ್ಳು ಅಲ್ಲಾಡುವುದೂ ಇಲ್ಲ, ಇಷ್ಟು ದಿನ ಅಲ್ಲೇ ತಿರುಗಿದೆ, ಸಂಜೆ ಎದೆಗೆ ಸಿಕ್ಕಿಸಿದ ವಿಕಿರಣ ಎಣಿಸುವ ಬಿಲ್ಲೆ ಸೊನ್ನೆ ತೋರಿಸಿದರೆ ಮಾತ್ರ ಉಸಿರು ಬಿಟ್ಟೆ. ಹಬೆ ಕೋಣೆಯಲ್ಲಿ ಮುಳ್ಳು ಸುಮ್ಮನಿರುವುದಿಲ್ಲ. ಅಲ್ಲಿಗೆ ಬಸುರಿಯರು ಹೋಗುವಂತಿಲ್ಲ, ಈ ಮಾತನ್ನು ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಹೇಳಿಕೊಡುವವಳೂ ನಾನೇ, ನಾಚ್ಕೋಬೇಡಿ ಕಣ್ರೇ, ಮೊದ್ಲು ನಂಗ್ ಹೇಳಿ, ಆಮೇಲೆ ನಿಮ್ ಗಂಡಂಗೆ ಹೇಳಿ, ಎಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ — ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮತ್ತೇನು ಮಾಡಲಿ, ಹೋದ ಸಲ ಹೇಳಿದ್ದೆನಲ್ಲ. ಗೊತ್ತಾದ ದಿನವೇ ಹೇಳಿದ್ದೆ, ಬಾಯಿಯಲ್ಲಿ ನಿಲ್ಲಲಿಲ್ಲ, ಮೇಲ್ವಿಚಾರಕರಿಗೆ, ಮಾಮನಿಗೆ, ಕ್ಯಾಂಟೀನಿನವಳಿಗೆ, ಗಂಡ ಹಡಗಿನವರಿಗೆಲ್ಲ ಚಾ ಕುಡಿಸಿದ, ನನ್ನನ್ನು ಕಚೇರಿಯ ಕುರ್ಚಿಗೆ ಹಾಕಿದರು, ಕಿಟಕಿ ಪಕ್ಕ, ಫ್ಯಾನ್ ಕೆಳಗೆ, ಎಲ್ಲರೂ ಬಂದು ಊಟ ಆಯ್ತಾ ಅನ್ನುವವರೇ, ಅತ್ತೆ ಹಳದಿ ಉಣ್ಣೆ ತಂದು ಕುಲಾವಿ ಹೆಣೆಯಲು ಕೂತರು, ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಆಡ್ಕೋತಾರೆ ಅತ್ತೆ ಅಂದರೆ, ಆಡ್ಕೊಳ್ಳಿ ಬಿಡೇ, ಕೂಸಿನ ತಲೆ ತಣ್ಣಗಾದ್ರೆ ಆಡ್ಕೊಂಡವರು ಬರ್ತಾರಾ ಅಂದರು. ತಲೆಯೇ ಬರಲಿಲ್ಲ. ಆ ಕಿಟಕಿ ಪಕ್ಕದ ಕುರ್ಚಿಯಲ್ಲೇ, ಮಧ್ಯಾಹ್ನ, ಸೀರೆ ಒದ್ದೆಯಾಯಿತು. ಅತ್ತೆ ಕುಲಾವಿಯನ್ನು ಬಿಚ್ಚಿದರು, ಗೋಡೆಗೆ ಮುಖ ಮಾಡಿ ಕೂತು, ದಾರ ಎಳೆದು ಎಳೆದು ಉಂಡೆ ಸುತ್ತಿದರು, ಉಂಡೆ ಕಪಾಟಿನ ಮೇಲೆ ಹೋಯಿತು.

ವಾಪಸ್ಸು ಕೆಲಸಕ್ಕೆ ಬಂದ ದಿನ, ಇದೇ ಪೆಟ್ಟಿಗೆ, ಇದೇ ತಟ್ಟೆ, ಕೈ ಇಟ್ಟೆ, ಇಟ್ಟ ತಕ್ಷಣ ಹಸಿರು. ಮೊದಲನೆಯ ಸಲಕ್ಕೇ. ಬಾಗಿಲು ಸರ್ರನೆ ಸರಿಯಿತು. ಏನೂ ಆಗಿಲ್ಲ ಎಂಬಂತೆ, ಹೋದ ತಿಂಗಳ ಅದೇ ಹೆಂಗಸು, ಅದೇ ಅಳತೆ, ಒಂದು ಎಳ್ಳಿನಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ, ಹೋಗು ಒಳಗೆ. ಆ ಹಸಿರಿನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಕಾಲಿನ ಬೂಟು ತೆಗೆದು ಹೊಡೆಯಬೇಕು ಅನ್ನಿಸಿತ್ತು. ಒಳಗೆ ಹೋದರೆ ಎಲ್ಲರೂ ನನ್ನ ಮುಖ ಬಿಟ್ಟು ಬೇರೆಲ್ಲ ನೋಡುತ್ತಾರೆ, ಕ್ಯಾಂಟೀನಿನವಳು ಕಣ್ಣು ಒರೆಸಿಕೊಂಡು, ಹೋಗ್ಲಿ ಬಿಡವ್ವ, ವಯಸ್ಸೇನ್ ಮೀರಿಲ್ಲ ಅನ್ನುತ್ತಾಳೆ, ಹೇಳಿಕೊಂಡ ಅಷ್ಟೂ ಜನರಿಗೆ ಒಬ್ಬೊಬ್ಬರಿಗೂ ಮತ್ತೆ ಇಲ್ಲ ಅಂತ ಹೇಳಬೇಕು. ಅದಕ್ಕೇ ಈ ಸಲ ಬಾಯಿ ಹೊಲಿದುಕೊಂಡೆ. ಗೊತ್ತಿಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಹೋದರೂ ನಾನೊಬ್ಬಳೇ ಅತ್ತು ಮುಗಿಸಬಹುದು — ಛೀ, ಬಿಡ್ತು ಅನ್ನು. ಡಾಕ್ಟರಮ್ಮ ಹೇಳಿದ್ದಾಳೆ, ಎದೆಬಡಿತ ಚೆನ್ನಾಗಿದೆ ಕಣಮ್ಮ, ಉಪ್ಪು ಕಡಿಮೆ ಮಾಡು, ಕೈ ಕಾಲು ಊದ್ತಿದೆ. ಇವತ್ತು ಬೆಳಿಗ್ಗೆ ಜ್ವರ ಬಿಟ್ಟ ಅತ್ತೆ ಬಿಸಿಲಲ್ಲಿ ಕೂತಿದ್ದರು, ನಾನು ಕೊಡೆ ಹುಡುಕಲು ಕಪಾಟಿನ ಮೇಲೆ ಕೈಯಾಡಿಸಿದೆ, ಹಳದಿ ಉಂಡೆ ಅಲ್ಲಿರಲಿಲ್ಲ. ಅತ್ತೆಯ ಮಡಿಲಲ್ಲಿ ಸೆರಗು ಮುಚ್ಚಿತ್ತು. ಏನ್ ಅತ್ತೆ ಅದು ಅಂದೆ, ಏನೂ ಇಲ್ಲ, ಮಾಮೂಲಿ ಅಂದರು.

ಎತ್ತಿದ ಕೈ ಜುಮ್ಮೆನ್ನುತ್ತಿದೆ. ಸಾಕು, ಮೂರನೆಯದು, ಬೆರಳುಗಳನ್ನು ಒಳಕ್ಕೆ ಒತ್ತಿ ಹಿಡಿ, ಗೂಟಕ್ಕೆ ತಾಗಿಸಿ, ಚರ್ಮ ಹಿಂದಕ್ಕೆ ಎಳೆದು, ಒಂದೇ ಒಂದು ಸಲ ಹಸಿರು ಬಂದುಬಿಡಲಿ, ಒಳಗೆ ಹೋಗಿ ಯಾರ ಕಾಲಾದರೂ ಹಿಡಿದು ಜಾಗ ಬದಲಾಯಿಸಿಕೊಳ್ಳುತ್ತೇನೆ, ತಲೆನೋವು ಅನ್ನುತ್ತೇನೆ, ಕಳ್ಳನಿಗೊಂದು ಪಿಳ್ಳೆ ನೆವ, ನಾಳೆಯಿಂದ ಮತ್ತೆ ದಿನಾ ಬರುತ್ತೇನೆ, ಅದು ಮತ್ತೆ ನನ್ನ ಕೈ ಕಲಿತುಕೊಳ್ಳುತ್ತದೆ, ತಟ್ಟೆ ತಣ್ಣಗೆ, ದೀಪ ಆರಿತು, ಇನ್ನೊಂದು ಆರಿತು — ಹಸಿರು ಬಂದರೆ? ಹಸಿರು ಅಂದರೆ ಕೈ ಮೊದಲಿನಂತೆಯೇ ಇದೆ ಎಂದಲ್ಲವೇ, ಊತ ಇಳಿದಿದೆ ಎಂದಲ್ಲವೇ, ಒಳಗೆ ಏನೂ ಇಲ್ಲ, ಹೋದ ಸಲದ ಅದೇ ಹೆಂಗಸು, ಹೋಗು ಒಳಗೆ, ಬಾಗಿಲು ಸರ್ರನೆ — ಬೇಡ. ಬೇಡ ಬೇಡ. ಒತ್ತಿ ಹಿಡಿದ ಬೆರಳುಗಳನ್ನು ಸಡಿಲ ಬಿಟ್ಟೆ, ಅವು ತಮ್ಮಷ್ಟಕ್ಕೆ ತಾವು ಹರಡಿಕೊಂಡವು, ದಪ್ಪಗೆ, ಗೂಟಗಳ ನಡುವೆ ಇಕ್ಕಟ್ಟಾಗಿ, ನೋಡು, ನೋಡಿಕೋ, ಕನ್ನಡಿಯಲ್ಲೂ ನೋಡಿಕೋ, ಇದು ನನ್ನೊಬ್ಬಳ ಕೈಯಲ್ಲ, ಗುರುತು ಸಿಗಲಿಲ್ಲ ಅನ್ನು, ಅನ್ನು ಮಾರಾಯ, ಕೊನೆಯ ದೀಪವೂ ಆರಿತು, ಇಷ್ಟು ಹೊತ್ತು ಯಾವತ್ತೂ ತೆಗೆದುಕೊಂಡದ್ದಿಲ್ಲ, ಯಾಕಿಷ್ಟು ಯೋಚಿಸುತ್ತಿದೆ, ಬೇಗ —

ಕೆಂಪು. ಎರಡೂ ಬಾಗಿಲು ಟಕ್ ಅಂದವು. ಮಾಮ ಕುರ್ಚಿ ಸರಿಸಿ ಎದ್ದ, ಧ್ವನಿಪೆಟ್ಟಿಗೆ ಕರಕರ ಅಂತು, ಕೈಗೇನಾಯ್ತು ತಾಯಿ, ಜೇನುಗೀನು ಕಚ್ತಾ. ಹೂಂ ಅಂದರೆ ಮುಗಿಯುತ್ತಿತ್ತೇನೋ, ನೆವ ಅವನೇ ಕೊಟ್ಟಿದ್ದ. ಬಸ್ರಿ ಕಣೋ ಮಾಮ, ಅಂದೆ, ನಾಲ್ಕು ತಿಂಗ್ಳು, ಮೊದ್ಲು ನಿಂಗೇ ಹೇಳ್ತಿರೋದು, ನಮ್ ಯಜಮಾನ್ರಿಗೂ ಇನ್ನೂ ಹೇಳಿಲ್ಲ. ಮೀಸೆಯ ಕೆಳಗೆ ಅವನ ಬಾಯಿ ಏನೋ ಅನ್ನುತ್ತಿದೆ, ಹಿಂದೆ ವೆಲ್ಡರ್ ಏನೋ ಕೇಳುತ್ತಿದ್ದಾನೆ, ಯಾರೋ ಬೀಗದ ಕೈ ತರಲು ಓಡುತ್ತಿದ್ದಾರೆ, ಕೈ ತೆಗೀಬಹುದಮ್ಮ, ಕೈ ತೆಗಿ, ಅನ್ನುತ್ತಾನೆ ಮಾಮ, ತೆಗೆಯುತ್ತೇನೆ ಮಾಮ, ಒಂದು ನಿಮಿಷ, ಇನ್ನೊಂಚೂರು ನೋಡುತ್ತೇನೆ, ತಟ್ಟೆಯ ಮೇಲೆ ನನ್ನ ಕೈ, ಊದಿದ ಐದು ಬೆರಳು, ಅವುಗಳ ಮೇಲೆಲ್ಲ ಕೆಂಪು, ಕೆಂಪು, ಇನ್ನೂ ಕೆಂಪು.